ಮಾಸ್ತರ ಎಲ್ಲಿ ಹೋದ್ರು?

ಯುಗಾದಿಗೆ ಬ್ಯಾಡಗಿಗೆ ಹೋಗಿದ್ದೆ. ಮಾರ್ಚ್ ಕೊನೆ ಅಂದ್ರೆ ಅಲ್ಲಿ ಮೆಣಸಿನಕಾಯಿ ಸೀಸನ್ನು; ರೈಲು ಇಳಿದವರಿಗೆ ಮೊದಲು ಸೀನು ಬರ್ತದೆ, ಆಮೇಲೆ ಊರು ಬರ್ತದೆ. ಮಧ್ಯಾಹ್ನ ಹೋಳಿಗೆ ಉಂಡು ಮನೆಯವರೆಲ್ಲ ಅಡ್ಡಾದ ಹೊತ್ತಿನಲ್ಲಿ ನಾನು ಟಿವಿಗೆ ಫೋನು ಜೋಡಿಸಿ ‘ಸ್ಕೈ ಫೋರ್ಸ್’ ಹಾಕಿದೆ. ಹಾಕಿದ್ದು ಕಾಕಾನ ಸಲುವಾಗಿ. ಕಾಕಾ 1970ರಲ್ಲಿ ವಾಯುಪಡೆ ಸೇರಿದವನು. ಪೈಲಟ್ ಅಲ್ಲ, ಏರ್‌ಫ್ರೇಮ್ ಫಿಟ್ಟರ್. ಅಂದ್ರೆ ವಿಮಾನದ ಮೈ ನೋಡಿಕೊಳ್ಳುವವನು. ಈಗ ಎಪ್ಪತ್ತೈದರ ಹತ್ತಿರ. ವಿಮಾನದ ಸಿನಿಮಾ ಅಂದ್ರೆ ಖುಷಿ ಪಟ್ಟಾನು ಅಂದುಕೊಂಡಿದ್ದೆ.

ರಾಣೆಬೆನ್ನೂರಿನಿಂದ ಅಕ್ಕ, ಅವಳ ಮಗನೂ ಬಂದಿದ್ದರು. ಹುಡುಗ ಪಿಯುಸಿ ಎರಡನೇ ವರ್ಷದ ಪರೀಕ್ಷೆ ಆಗಷ್ಟೇ ಮುಗಿಸಿದ್ದ. ಎಂಟನೇ ಇಯತ್ತೆಯಿಂದ ಅವನ ಬಾಯಲ್ಲಿ ಒಂದೇ ಮಾತು, ಫೈಟರ್ ಪೈಲಟ್. ಎನ್‌ಡಿಎ ಲಿಖಿತ ಪರೀಕ್ಷೆ ಪಾಸಾಗಿ ಮೈಸೂರಿಗೆ ಆಯ್ಕೆಗೂ ಹೋಗಿ ಬಂದಿದ್ದ. ಪೈಲಟ್ ಆಗುವವರಿಗೆ ಅಲ್ಲಿ ಒಂದು ವಿಶೇಷ ಪರೀಕ್ಷೆ ಇರ್ತದೆ. ಕಂಪ್ಯೂಟರಿನ ಮುಂದೆ ಕೂತು ಕೈ, ಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡ್ತಾವೋ ಇಲ್ಲವೋ ಅಂತ ನೋಡುವ ಪರೀಕ್ಷೆ. ಅದರ ನಿಯಮ ಕ್ರೂರವಾಗಿದೆ: ಜೀವಮಾನದಲ್ಲಿ ಒಂದೇ ಸಲ. ಒಮ್ಮೆ ಫೇಲಾದರೆ ವಾಯುಪಡೆಯ ಬೇರೆ ಶಾಖೆಗೆ ಹೋಗಬಹುದು, ಹಾರಾಟದ ಶಾಖೆಗೆ ಮತ್ತೆಂದೂ ಇಲ್ಲ. ಇವನಿಗೆ ಅದೇ ಆಗಿತ್ತು. ಸಿನಿಮಾ ನಡೆಯುವಾಗ ಬಾಗಿಲ ಹತ್ತಿರ ಕೂತು ಫೋನಿನಲ್ಲಿ ಮುಖ ಹುದುಗಿಸಿದ್ದ. ಟಿವಿಯಲ್ಲಿ ಜೆಟ್ ಗುಡುಗಿದಾಗಲೂ ಕತ್ತು ಎತ್ತಲಿಲ್ಲ. ಇದೆಲ್ಲ ನೋಡಿ ಈ ಸಿನಿಮಾ ಯಾಕಾದ್ರೂ ಹಾಕಿದೆನೋ ಅಂತ ನನಗೇ ಮುಜುಗರ ಆಯ್ತು.

ಸಂದೀಪ್ ಕೇವ್ಲಾನಿ ಮತ್ತು ಅಭಿಷೇಕ್ ಅನಿಲ್ ಕಪೂರ್ ನಿರ್ದೇಶಿಸಿದ ‘ಸ್ಕೈ ಫೋರ್ಸ್’ 2025ರ ಗಣರಾಜ್ಯೋತ್ಸವದ ವಾರ ಥಿಯೇಟರಿಗೆ ಬಂತು. ಅಕ್ಷಯ್ ಕುಮಾರ್ ಹಿರಿಯ ಅಧಿಕಾರಿ ಅಹುಜಾ. ಹೊಸಬ ವೀರ್ ಪಹಾರಿಯಾ ಅವರ ಕೈಕೆಳಗಿನ ಟಿ. ಕೃಷ್ಣ ವಿಜಯ. ಮಾತು ಕೇಳದ, ಬಿಸಿರಕ್ತದ ಹುಡುಗ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೋದವರಲ್ಲಿ ಅವನೊಬ್ಬ ವಾಪಸು ಬರಲ್ಲ. ಏನಾದ ಅನ್ನೋದನ್ನು ಅಹುಜಾ ವರ್ಷಗಟ್ಟಲೆ ಹುಡುಕ್ತಾನೆ.

ಈ ವಿಜಯ ಯಾರು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ. ಹೇಳಬೇಕಿಲ್ಲ ಅಂತ ಬರೆದೆ, ಆದರೆ ನನ್ನ ಆಫೀಸಿನ ಟೀಮಿನಲ್ಲಿ ಕೇಳಿದಾಗ ಒಬ್ಬನಿಗೂ ಗೊತ್ತಿರಲಿಲ್ಲ, ಹಾಗಾಗಿ ಹೇಳಿಬಿಡ್ತೀನಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ. ಕೊಡಗಿನವರು. 1932ರಲ್ಲಿ ಹುಟ್ಟಿ 1954ರಲ್ಲಿ ವಾಯುಪಡೆಯ ಅಧಿಕಾರಿಯಾದವರು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ಅವರ ಹೆಸರಿದೆ. ವೀಕೆಂಡಿಗೆ ಹೋಮ್‌ಸ್ಟೇ ಹುಡುಕುತ್ತ ಹೋಗುವ ನಾವು ಗೂಗಲ್ ಮ್ಯಾಪಿನ ಮೇಲೆ ಕಣ್ಣಿಟ್ಟು ಅದನ್ನು ಸುತ್ತು ಹಾಕಿ ಮುಂದೆ ಹೋಗಿರ್ತೀವಿ.

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ನಿನ ಹನ್ನೆರಡು ಮಿಸ್ಟೇರ್ ವಿಮಾನಗಳು ಸರ್ಗೋಧಾಕ್ಕೆ ಹೊರಡಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಬೇಕಾಗ್ತದೆ ಅಂತ ಕಾದಿರಿಸಿದ ಪೈಲಟ್ ಅವರು. ಒಂದು ವಿಮಾನ ಹಿಂದೆ ಸರಿಯಿತು, ಇವರು ಹೋದರು. ದಾಳಿ ಮುಗಿಸಿ ಮರಳುವಾಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ತನ್ನ ಸ್ಟಾರ್‌ಫೈಟರ್‌ನಲ್ಲಿ ಬೆನ್ನು ಹತ್ತಿದರು. ಸ್ಟಾರ್‌ಫೈಟರ್ ಅಂದರೆ ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ. ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟದು. ಓಡಿದರೆ ಸಿಕ್ಕಿಬೀಳೋದು ಖಚಿತ. ಗುಂಡು ತಗಲಿದ ವಿಮಾನವನ್ನೇ ತಿರುಗಿಸಿ ದೇವಯ್ಯ ಎದುರು ನಿಂತರು. ಸ್ಟಾರ್‌ಫೈಟರ್ ಬಿತ್ತು. ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು, ದೇವಯ್ಯ ಬದುಕಲಿಲ್ಲ. ಜೊತೆ ಹೋದವರಲ್ಲಿ ಯಾರೂ ಇದನ್ನು ನೋಡಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ಕಾಣೆಯಾದವರು, ಅಷ್ಟೇ. ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಪಾಕಿಸ್ತಾನದ ಕಡೆಯ ವಿವರಗಳನ್ನಿಟ್ಟುಕೊಂಡು ಆ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕ 1979ರಲ್ಲಿ ಬಂದಾಗ ವಿಷಯ ಹೊರಬಿತ್ತು. ಆ ದಿನದ ದಾಳಿಯ ಮುಂದಾಳು ಓ.ಪಿ. ತನೇಜಾ ಇದರ ಬೆನ್ನು ಬಿಡಲಿಲ್ಲ. 1988ರಲ್ಲಿ, ಸತ್ತು ಇಪ್ಪತ್ಮೂರು ವರ್ಷಕ್ಕೆ, ಮಹಾವೀರ ಚಕ್ರ ಬಂತು. ಅವರ ಹೆಂಡತಿ ಹೋಗಿ ತಗೊಂಡರು.

ಸಿನಿಮಾ ನಡುವೆ ನಿಲ್ಲಿಸಿ ಇಷ್ಟನ್ನೂ ಕಾಕಾನಿಗೆ ಹೇಳಿದೆ. ಇನ್ನೊಂದು ಮಾತನ್ನೂ ಸೇರಿಸಿದೆ: ಯುದ್ಧ ಶುರುವಾಗುವ ಹೊತ್ತಿಗೆ ದೇವಯ್ಯ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು, ಅಲ್ಲಿಂದ ಸ್ಕ್ವಾಡ್ರನ್ನಿಗೆ ಕಳಿಸಿದ್ದು.

ಕಾಕಾ ಟಿವಿ ಕಡೆ ನೋಡಿದ. ಪರದೆ ಮೇಲೆ ಅಕ್ಷಯ್ ಕುಮಾರ್ ಹುಡುಗನ ಹೆಗಲ ಮೇಲೆ ಕೈ ಇಟ್ಟು ನಿಂತ ಚಿತ್ರ ನಿಂತಿತ್ತು.

“ಅಲ್ಲೋ ತಮ್ಮಾ, ಅಂವಾ ಕಲಿಸಾಂವ ಇದ್ದ ಅಂತೀ. ಇಲ್ಲಿ ನೋಡಿದ್ರ ಅವಂಗ ಎಲ್ಲಾರೂ ಕಲಿಸಾಕತ್ತಾರ. ಮಾಸ್ತರ ಎಲ್ಲಿ ಹೋದ್ರು?”

ಈ ಸಿನಿಮಾದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ನಾನೂ ಕೇಳಿಕೊಂಡಿರಲಿಲ್ಲ.

ಸಿನಿಮಾದವರು ಹೆಸರು ಬದಲಿಸಿದ್ದರ ಬಗ್ಗೆ ನನಗೆ ತಕರಾರಿಲ್ಲ. ಹಾಡು ತುರುಕಿದ್ದರ ಬಗ್ಗೆಯೂ ಇಲ್ಲ, ಅದು ಅವರ ಹೊಟ್ಟೆಪಾಡು. ಸತ್ಯವನ್ನು ಶತ್ರುವಿನ ಬಾಯಿಂದಲೇ ತಿಳಿಯಬೇಕಾಗಿ ಬಂತು ಅನ್ನೋದನ್ನು ಕಥೆಯ ಬೆನ್ನೆಲುಬು ಮಾಡಿದ್ದು ನಿಜಕ್ಕೂ ಒಳ್ಳೆಯ ಕೆಲಸ. ಸೆರೆಸಿಕ್ಕ ಪಾಕಿಸ್ತಾನಿ ಪೈಲಟ್ ಮತ್ತು ಅಹುಜಾ ಎದುರುಬದುರು ಕೂತು ಮಾತಾಡುವ ದೃಶ್ಯಗಳಲ್ಲಿ ಚಿತ್ರ ಗಟ್ಟಿಯಾಗಿ ನಿಲ್ತದೆ. ಕೊನೆಗೆ ನನ್ನ ಕಣ್ಣೂ ಒದ್ದೆಯಾದವು, ಸುಳ್ಳು ಯಾಕೆ ಹೇಳಲಿ. ನನ್ನ ತಕರಾರು ಇರೋದು ಬೇರೆ. ಮೂವತ್ತೆರಡು ವರ್ಷದ ಒಬ್ಬ ಗುರುವನ್ನು ತೆಗೆದು, ಆ ಜಾಗದಲ್ಲಿ ಗುರುವಿನ ಮಾತು ಮೀರುವ ಶಿಷ್ಯನನ್ನು ಕೂರಿಸಿದ್ದಾರೆ. ಇದರಿಂದ ಒಬ್ಬ ಮನುಷ್ಯನ ವಯಸ್ಸು ಬದಲಾದದ್ದಲ್ಲ, ಅವನು ಮಾಡಿದ ಕೆಲಸದ ಅರ್ಥವೇ ಬದಲಾಯ್ತು.

ಯಾಕೆ ಅಂತ ಹೇಳ್ತೀನಿ. ತರಬೇತಿ ವಿಮಾನದಲ್ಲಿ ಇಬ್ಬರಿಗೂ ಒಂದೊಂದು ಕಂಟ್ರೋಲ್ ಇರ್ತದೆ. ಶಿಷ್ಯನ ಕೈಯಲ್ಲಿ ಒಂದು, ಗುರುವಿನ ಮುಂದೆ ಒಂದು. ಯಾರ ಕೈಯಲ್ಲಿ ವಿಮಾನ ಇದೆ ಅನ್ನೋದನ್ನು ಇಬ್ಬರೂ ಬಾಯಿಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ಇಬ್ಬರೂ ಎಳೆದಾಡಿ, ಅಥವಾ ಇಬ್ಬರೂ ಬಿಟ್ಟು, ನೆಲಕ್ಕೆ ಬೀಳ್ತಾರೆ. ಶಿಷ್ಯ ತಪ್ಪು ಮಾಡುವಾಗ ಗುರು ಕೂಡಲೇ ಕೈ ಹಾಕಿದರೆ ಶಿಷ್ಯ ಎಂದಿಗೂ ಕಲಿಯಲ್ಲ. ತಡ ಮಾಡಿದರೆ ಇಬ್ಬರೂ ಉಳಿಯಲ್ಲ. ಎಷ್ಟು ಹೊತ್ತು ಸುಮ್ಮನಿರಬಹುದು, ಯಾವ ಕ್ಷಣಕ್ಕೆ ಸ್ಟಿಕ್ ಹಿಡೀಬೇಕು, ಇದನ್ನು ದಿನಾ ಬೆಳಿಗ್ಗೆ ಲೆಕ್ಕ ಹಾಕೋದೇ ಹಾರಾಟದ ಮಾಸ್ತರಿಕೆ. ಅಂಥ ಒಬ್ಬ ಮನುಷ್ಯ ಸೆಪ್ಟೆಂಬರ್ 7ರಂದು ವಿಮಾನ ತಿರುಗಿಸಿದ್ದನ್ನು ಹುಚ್ಚು ಧೈರ್ಯ ಅಂತ ಓದಲು ನನಗೆ ಮನಸ್ಸಾಗಲ್ಲ. ಸ್ಟಾರ್‌ಫೈಟರಿನ ರೆಕ್ಕೆ ಮೊಂಡು, ಚಿಕ್ಕದು. ನೇರ ಓಟದಲ್ಲಿ ಅದಕ್ಕೆ ಸಾಟಿ ಇಲ್ಲ, ಆದರೆ ನೆಲದ ಹತ್ತಿರ ಸುತ್ತು ಹೊಡೆಯುವ ಜಗಳಕ್ಕೆ ಇಳಿದರೆ ಅದರ ವೇಗಕ್ಕೆ ಮೂರು ಕಾಸಿನ ಬೆಲೆ ಇಲ್ಲ. ದೇವಯ್ಯ ಆ ಜಗಳಕ್ಕೆ ಎಳೆದರು. ಕಲಿಸಿ ಕಲಿಸಿ ಕೈಗೆ ಬಂದ ಪಾಠ ಅದು ಅನ್ನೋದು ನನ್ನ ಊಹೆ. ಅವರೇ ಬಂದು ಹೇಳುವಂತಿಲ್ಲವಲ್ಲ. ಆದರೆ ಸಿನಿಮಾದ ಬಿಸಿರಕ್ತಕ್ಕಿಂತ ಈ ಊಹೆ ಅವರ ಬದುಕಿಗೆ ಹತ್ತಿರ ಇದೆ.

ಸಿನಿಮಾಗೆ ಗುರು ಬೇಡ ಅನ್ನಿಸಿದ್ದು ಯಾಕೆ? ಕಲಿಯೋದು, ಕಲಿಸೋದು ಎರಡರಲ್ಲೂ ತಪ್ಪುಗಳಿರ್ತಾವೆ. ಯುದ್ಧವೀರನ ಕಥೆಯಲ್ಲಿ ತಪ್ಪಿಗೆ ಜಾಗ ಇಲ್ಲ, ಇದ್ದರೂ ಇಂಟರ್ವಲ್ ಮುಂಚೆ ತೊಳೆದುಹೋಗಬೇಕು. ತರಬೇತಿ ಅಂದ್ರೆ ಎರಡು ನಿಮಿಷದ ಹಾಡು: ಓಟ, ಬೆವರು, ಸೆಲ್ಯೂಟು, ಮುಗೀತು.

ಇದನ್ನು ಬರೆಯುವಾಗ ನನಗೆ ನೆನಪಾಗಿದ್ದು ರೋಆಲ್ಡ್ ಡಾಲ್. ಮಕ್ಕಳ ಚಾಕಲೇಟ್ ಫ್ಯಾಕ್ಟರಿ ಕಥೆಯ ಡಾಲ್ ಅವರೇ. ಎರಡನೇ ಮಹಾಯುದ್ಧದಲ್ಲಿ ಅವರು ಬ್ರಿಟಿಷ್ ವಾಯುಪಡೆಯ ಪೈಲಟ್ ಆಗಿದ್ದರು. 1986ರಲ್ಲಿ ಬಂದ ‘ಗೋಯಿಂಗ್ ಸೋಲೊ’ ಆ ದಿನಗಳ ನೆನಪು. ಬೆಂಗಳೂರಿಂದ ಬ್ಯಾಡಗಿಗೆ ಬರುವ ರೈಲಿನಲ್ಲಿ ಅದನ್ನೇ ಓದ್ತಾ ಬಂದಿದ್ದೆ, ಹುಡುಗನಿಗೆ ಕೊಡೋಣ ಅಂತ. ದಾವಣಗೆರೆ ಬರೋ ಹೊತ್ತಿಗೆ ಕೊಡೋದಾ ಬೇಡ್ವಾ ಅಂತ ಅನುಮಾನ ಶುರುವಾಗಿತ್ತು.

ಯಾಕಂದ್ರೆ ಆ ಪುಸ್ತಕದಲ್ಲಿ ವೀರ ಕಡಿಮೆ, ಪೇಚಾಟ ಜಾಸ್ತಿ. ಪೂರ್ವ ಆಫ್ರಿಕಾದಲ್ಲಿ ಶೆಲ್ ಎಣ್ಣೆ ಕಂಪನಿಯ ನೌಕರಿಯಲ್ಲಿದ್ದ ಡಾಲ್ ಯುದ್ಧ ಶುರುವಾದಾಗ ನೈರೋಬಿಗೆ ಹೋಗಿ ಸೇರಿಕೊಳ್ತಾರೆ. ಎತ್ತರ ಆರಡಿ ಆರಂಗುಲ. ಟೈಗರ್ ಮಾತ್ ಎನ್ನುವ ಪುಟಾಣಿ ತೆರೆದ ವಿಮಾನದಲ್ಲಿ ಕೂತರೆ ತಲೆ ಗಾಜಿನ ಮೇಲೆ ಬರ್ತದೆ, ಗಾಳಿ ಹೊಡೆತಕ್ಕೆ ಉಸಿರಾಡೋಕೆ ಆಗಲ್ಲ, ಆಗಾಗ ತಲೆ ತಗ್ಗಿಸಿ ಉಸಿರು ತಗೋಬೇಕು. ಕೊನೆಗೆ ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾರ್ತಾರೆ. ಏಳು ಗಂಟೆ ನಲವತ್ತು ನಿಮಿಷದ ಪಾಠ ಆದಮೇಲೆ ಒಬ್ಬರೇ ಹಾರುವ ಮೊದಲ ದಿನ. ಕೆಳಗೆ ಜಿರಾಫೆ, ಆನೆ. ಈ ಪುಟಗಳಲ್ಲಿ ಇರುವಷ್ಟು ಸಂತೋಷ ಪುಸ್ತಕದಲ್ಲಿ ಇನ್ನೆಲ್ಲೂ ಇಲ್ಲ. ಆ ಸಂತೋಷದ ನಡುವೆಯೇ ಡಾಲ್ ಒಂದು ಲೆಕ್ಕ ಕೊಡ್ತಾರೆ: ನೈರೋಬಿಯಲ್ಲಿ ಜೊತೆ ಕಲಿತವರು ಹದಿನಾರು ಜನ, ಮುಂದಿನ ಎರಡು ವರ್ಷದಲ್ಲಿ ಸತ್ತವರು ಹದಿಮೂರು.

ಆಮೇಲೆ ಇರಾಕಿನ ಹಬ್ಬಾನಿಯಾದಲ್ಲಿ ಆರು ತಿಂಗಳು ತರಬೇತಿ. ಇಷ್ಟೆಲ್ಲ ಆದರೂ ಆಕಾಶದಲ್ಲಿ ಶತ್ರುವಿನ ಜೊತೆ ಹೇಗೆ ಕಾದಬೇಕು ಅಂತ ಒಬ್ಬರೂ ಹೇಳಿಕೊಟ್ಟಿರಲ್ಲ. 1940ರ ಸೆಪ್ಟೆಂಬರ್ 19ರಂದು ಹೊಸ ಗ್ಲಾಡಿಯೇಟರ್ ವಿಮಾನ ತಗೊಂಡು ತನ್ನ ಸ್ಕ್ವಾಡ್ರನ್ ಸೇರಿಕೊಳ್ಳೋಕೆ ಹೊರಡ್ತಾರೆ. ಕೊಟ್ಟ ದಿಕ್ಕು ತಪ್ಪು. ಎಣ್ಣೆ ತೀರ್ತಾ ಬರ್ತದೆ, ಕತ್ತಲಾಗ್ತದೆ, ಮರುಭೂಮಿಯಲ್ಲಿ ಇಳಿಸಲು ಹೋಗಿ ವಿಮಾನ ಬಂಡೆಗೆ ಬಡಿದು ಬೆಂಕಿ ಹತ್ತುತ್ತದೆ. ತಲೆಬುರುಡೆ ಬಿರುಕು, ಮೂಗು ಒಳಗೆ, ವಾರಗಟ್ಟಲೆ ಕಣ್ಣು ಕಾಣಲ್ಲ. ತಿಂಗಳುಗಟ್ಟಲೆ ಆಸ್ಪತ್ರೆ. ಅದಾದ ಮೇಲೆ 1941ರ ಏಪ್ರಿಲ್‌ನಲ್ಲಿ ಗ್ರೀಸ್‌ಗೆ ಕಳಿಸ್ತಾರೆ, ಹರಿಕೇನ್ ವಿಮಾನದಲ್ಲಿ. ಅದರಲ್ಲಿ ಅವರ ಅನುಭವ ಒಟ್ಟು ಏಳು ಗಂಟೆ. ಯುದ್ಧದಲ್ಲಿ ಉಳಿಯೋದು ಹೇಗೆ ಅಂತ ಮೊದಲ ಸಲ ಹೇಳಿಕೊಡುವವನು ಯಾವ ಶಾಲೆಯ ಮಾಸ್ತರನೂ ಅಲ್ಲ, ಅದೇ ಡೇರೆಯ ಗೆಳೆಯ ಡೇವಿಡ್ ಕೋಕ್. ಅದೂ ಒಂದೇ ಒಂದು ಸಂಜೆ.

ಇಲ್ಲೊಂದು ತಮಾಷೆ ಇದೆ. ಇದೇ ಅಪಘಾತವನ್ನು ಡಾಲ್ 1942ರಲ್ಲೂ ಬರೆದಿದ್ದರು, ಅಮೆರಿಕದ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಗೆ. ಅವರು ಅಚ್ಚಾದ ಮೊದಲ ಬರಹವೇ ಅದು. ಅಲ್ಲಿ ಅದರ ತಲೆಬರಹ, ಲಿಬಿಯಾದ ಮೇಲೆ ಹೊಡೆದುರುಳಿಸಲ್ಪಟ್ಟ ಕಥೆ ಅಂತ. ಯಾರೂ ಹೊಡೆದಿರಲಿಲ್ಲ, ದಾರಿ ತಪ್ಪಿದ್ದು. ಯುದ್ಧ ನಡೀತಾ ಇರುವಾಗ ಓದುಗನಿಗೆ ಗುಂಡು ಬೇಕು, ತಪ್ಪು ದಿಕ್ಕು ಯಾರಿಗೆ ಬೇಕು? ನಲವತ್ನಾಲ್ಕು ವರ್ಷ ಆದಮೇಲೆ, ಎಪ್ಪತ್ತರ ಹರೆಯದಲ್ಲಿ, ಮುದುಕ ಅದನ್ನು ಸರಿಪಡಿಸಿ ಬರೆದ. ಒಬ್ಬ ಯುದ್ಧ ಪೈಲಟ್‌ನ ನೆನಪನ್ನು ಓದುವಾಗ ನಾನು ನೋಡೋದು ಇದನ್ನೇ. 1942ರ ಧಾಟಿಯಲ್ಲಿ ಹೇಳ್ತಿದ್ದಾನಾ, 1986ರ ಧಾಟಿಯಲ್ಲಾ? ‘ಸ್ಕೈ ಫೋರ್ಸ್’ ಅರವತ್ತು ವರ್ಷ ಆದಮೇಲೆ ಬಂದ ಸಿನಿಮಾ, ಆದರೂ 1942ರ ಧಾಟಿಯಲ್ಲೇ ನಿಂತಿದೆ.

ಡಾಲ್ ಪುಸ್ತಕವನ್ನು ತಲೆ ಮೇಲೆ ಹೊತ್ತು ಕುಣಿಯಬೇಕಿಲ್ಲ. ಆಫ್ರಿಕಾದ ಜನರನ್ನು ನೋಡುವ ಕಣ್ಣಲ್ಲಿ ದೊರೆತನ ಹಾಗೇ ಇದೆ. ಕಥೆಗಾರ ಬೇರೆ, ಅಲ್ಲಲ್ಲಿ ಒಗ್ಗರಣೆ ಹಾಕಿರೋದೂ ವಾಸನೆ ಬರ್ತದೆ. ಆದರೆ ತನಗೆ ಏನು ಗೊತ್ತಿರಲಿಲ್ಲ ಅನ್ನೋದನ್ನು ಅಷ್ಟು ಬಿಚ್ಚಿ ಬರೆದ ಪೈಲಟ್ ನನಗೆ ಇನ್ನೊಬ್ಬ ಸಿಕ್ಕಿಲ್ಲ.

ಕನ್ನಡದಲ್ಲಿ? 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ಆಗ ಪುಸ್ತಕದ ಮಳಿಗೆಗಳ ಸಾಲಿನಲ್ಲಿ ಒಂದು ಇಡೀ ಮಧ್ಯಾಹ್ನ ಇದನ್ನೇ ಕೇಳುತ್ತ ತಿರುಗಿದ್ದೆ. ಯುದ್ಧದ ಪೈಲಟ್ ಬರೆದ ನೆನಪಿನ ಪುಸ್ತಕ ಇದೆಯಾ? ಒಬ್ಬರು ಕ್ಯಾಪ್ಟನ್ ಗೋಪಿನಾಥ್ ಅವರ ಆತ್ಮಕಥೆ ತೆಗೆದುಕೊಟ್ಟರು. ಒಳ್ಳೆ ಪುಸ್ತಕವೇ, ಆದರೆ ಅವರು ಭೂಸೇನೆಯ ಕ್ಯಾಪ್ಟನ್, ವಿಮಾನ ಬಂದದ್ದು ಆಮೇಲೆ, ಅದೂ ಟಿಕೆಟ್ ಮಾರೋಕೆ. ಇನ್ನೊಬ್ಬರು ವೀರಯೋಧರ ಚರಿತ್ರೆಗಳ ಕಟ್ಟನ್ನೇ ಮುಂದಿಟ್ಟರು. ಅದರಲ್ಲಿ ಎಲ್ಲರೂ ಹುಟ್ಟುವಾಗಲೇ ವೀರರು, ಮೂರನೇ ಪುಟಕ್ಕೆ ಸೇನೆ, ಹತ್ತನೇ ಪುಟಕ್ಕೆ ಹುತಾತ್ಮ. ಆ ಸಾಲಿನಲ್ಲಿ ನನ್ನ ಕೈಗೆ ಸಿಗಲಿಲ್ಲ ಅನ್ನೋದಷ್ಟೇ ನಾನು ಹೇಳಬಹುದಾದ್ದು. ಧೂಳು, ಜನಜಾತ್ರೆ, ಊಟದ ಕ್ಯೂ ಬೇರೆ.

ನಮ್ಮ ಕಡೆ ಇನ್ನೊಂದು ರೋಗ ಇದೆ. ಸೈನಿಕ ಅಂದ್ರೆ ಕೊಡಗು ಅಂತ ನಾವು ಯಾವತ್ತೋ ಬರೆದುಕೊಟ್ಟುಬಿಟ್ಟಿದ್ದೀವಿ. ‘ಮುತ್ತಿನ ಹಾರ’ದ ವಿಷ್ಣುವರ್ಧನ್ ನೋಡಿ ಅತ್ತ ತಲೆಮಾರು ನಮ್ಮಪ್ಪ ಅಮ್ಮಂದಿರದು, ಅವರ ಮನಸ್ಸಿನಲ್ಲಿ ಯುದ್ಧ ಅಂದ್ರೆ ಕಾಫಿ ತೋಟದ ಮನೆಯಿಂದ ಹೊರಟವರು. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯುವ ನಮ್ಮಂಥವರ ಮನೆಗಳಿಂದಲೂ ಹೋಗಿದ್ದಾರೆ. ವಿಜಯಪುರದಲ್ಲಿ ಸೈನಿಕ ಶಾಲೆ ಶುರುವಾಗಿದ್ದೇ 1963ರಲ್ಲಿ. ವಾಯುಪಡೆಯ ಏರ್‌ಮನ್‌ಗಳಿಗೆ ಮೊದಲ ಪಾಠ ಹೇಳುವ ಸಾಂಬ್ರಾ ಇರೋದು ಬೆಳಗಾವಿ ಪಕ್ಕ. ಫೈಟರ್ ಪೈಲಟ್‌ಗಳು ಹಾಕ್ ಜೆಟ್‌ನಲ್ಲಿ ಕಲಿಯೋದು ಬೀದರಿನಲ್ಲಿ. ಅವರನ್ನೆಲ್ಲ ತಯಾರು ಮಾಡುವ ನೆಲ ನಮ್ಮದು, ನೆನಪು ಮಾತ್ರ ಬೇರೆಯವರದು.

ಕೊಡಗಿನವರ ನೆನಪನ್ನಾದರೂ ಸರಿಯಾಗಿ ಇಟ್ಟುಕೊಂಡಿದ್ದೀವಾ ಅಂದ್ರೆ ಅದೂ ಇಲ್ಲ. ದೇವಯ್ಯ ಹೋದ ಹದಿನೈದು ದಿನಕ್ಕೆ, ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಒಂದು ದಿನವೂ ಇಲ್ಲ ಅನ್ನುವಾಗ, ಇನ್ನೊಬ್ಬ ಕೊಡಗಿನ ಪೈಲಟ್‌ನ ಹಂಟರ್ ವಿಮಾನ ಬಿತ್ತು. ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಎಲ್ಲರ ಬಾಯಲ್ಲಿ ನಂದಾ ಕಾರ್ಯಪ್ಪ. ಜನರಲ್ ಕಾರ್ಯಪ್ಪನವರ ಮಗ. ವಿಮಾನದಿಂದ ಹೊರಗೆ ಚಿಮ್ಮಿ ಬಿದ್ದಾಗ ಬೆನ್ನುಮೂಳೆಗೆ ಪೆಟ್ಟು. ಪಾಕಿಸ್ತಾನದಲ್ಲಿ ಸೆರೆ. ಆಗ ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್, ದೇಶ ಒಡೆಯುವ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡ್ತೀನಿ ಅಂದರು. ಅಪ್ಪ ಒಪ್ಪಲಿಲ್ಲ: ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡೋದಾದರೆ ಎಲ್ಲರನ್ನೂ ಬಿಡಿ ಅನ್ನುವ ಅರ್ಥದ ಉತ್ತರ.

ಈ ಉತ್ತರ ನಿಮ್ಮ ಫ್ಯಾಮಿಲಿ ಗ್ರೂಪಿಗೆ ವರ್ಷಕ್ಕೆ ಎರಡು ಸಲ ಬಂದಿರ್ತದೆ, ಆಗಸ್ಟ್ 15, ಜನವರಿ 26. ಕೆಳಗೆ ತ್ರಿವರ್ಣದ ಗುಲಾಬಿ. ಆದರೆ ಆ ದಿನಗಳನ್ನು ನಂದಾ ಕಾರ್ಯಪ್ಪನವರು ಹೇಳಿಕೊಳ್ಳುವ ರೀತಿ ಬೇರೆ. ಅಲ್ಲಿ ಅಯೂಬ್ ಖಾನರ ಹೆಂಡತಿ ಮತ್ತು ಮಗ ಆಸ್ಪತ್ರೆಗೆ ಸಿಗರೇಟು ಹಾಗೂ ವುಡ್‌ಹೌಸ್ ಕಾದಂಬರಿ ತಂದುಕೊಡುವ ಸಂಗತಿ ಇದೆ. ಬೆನ್ನು ಮುರಿದುಕೊಂಡು ಶತ್ರುದೇಶದಲ್ಲಿ ಮಲಗಿದವನಿಗೆ ಓದಲು ನಗೆಬರಹ! ಆ ಹುಡುಗ ನಕ್ಕನೋ, ನಕ್ಕರೆ ಬೆನ್ನು ನೋಯ್ತೋ, ಇದು ನನಗೆ ಬೇಕು. ಫಾರ್ವರ್ಡ್ ಮಾಡುವವರಿಗೆ ಬೇಡ. ಅವರಿಗೆ ಅಪ್ಪನ ಒಂದು ಸಾಲು ಸಾಕು, ಮಗನ ಬೆನ್ನುಮೂಳೆ ಬೇಡ. ಸುಮಾರು ನಾಲ್ಕು ತಿಂಗಳ ಸೆರೆ ಮುಗಿಸಿ ಬಂದವರು ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು. 2007ರಲ್ಲಿ ಪುಸ್ತಕವನ್ನೂ ಬರೆದರು. ಯಾರ ಬಗ್ಗೆ? ಅಪ್ಪನ ಬಗ್ಗೆ. ಮಗನಾಗಿ ಅದು ಸಹಜ. ಓದುಗನಾಗಿ ನನಗೆ ಹೊಟ್ಟೆ ಉರೀತದೆ, ಅಷ್ಟು ದೊಡ್ಡ ಅಪ್ಪನ ಪಕ್ಕದಲ್ಲಿ ಹಾರಾಟ ಕಲಿಯುವ ಹುಡುಗನಾಗಿ ಇರೋದು ಹೇಗಿತ್ತು ಅನ್ನೋದೇ ನನಗೆ ಬೇಕಿದ್ದ ಪುಸ್ತಕ.

ಬ್ಯಾಡಗಿಯ ಪಡಸಾಲೆಗೆ ವಾಪಸು ಬರ್ತೀನಿ. ಸಿನಿಮಾ ಮುಗೀತು. ಕಾಕಾನ ಇನ್ನೊಂದು ತಕರಾರು ಬಾಕಿ ಇತ್ತು. ಸಿನಿಮಾದ ಪೈಲಟ್‌ಗಳು ಓಡಿಬಂದು ಏಣಿ ಹತ್ತಿ ಹಾರಿಹೋಗ್ತಾರಲ್ಲ, ಅದು ಅವನಿಗೆ ಹಿಡಿಸಲೇ ಇಲ್ಲ.

“ಫಾರ್ಮ್ ಸೆವೆನ್ ಹಂಡ್ರೆಡ್ ಎಲ್ಲೈತಿ? ಸಹಿ ಮಾಡದ ಯಾ ಪೈಲಟ್ಟೂ ಹತ್ತಂಗಿಲ್ಲ.”

ಪ್ರತಿ ವಿಮಾನಕ್ಕೂ ಒಂದು ಪುಸ್ತಕ ಇರ್ತದಂತೆ. ಯಾವ ಭಾಗ ಯಾರು ನೋಡಿದರು, ಏನು ಕೆಟ್ಟಿತ್ತು, ಏನು ಸರಿಮಾಡಿದರು, ಎಣ್ಣೆ ಎಷ್ಟು, ಎಲ್ಲ ಅದರಲ್ಲಿ. ಕೆಲಸ ಮಾಡಿದ ಒಬ್ಬೊಬ್ಬನೂ ಸಹಿ ಹಾಕಬೇಕು. ಪೈಲಟ್ ಬಂದು ಅದನ್ನು ಓದಿ, ವಿಮಾನದ ಸುತ್ತ ಒಂದು ಸುತ್ತು ಹಾಕಿ, ಮುಟ್ಟಿ ನೋಡಿ, ಕೊನೆಗೆ ತಾನೂ ಸಹಿ ಹಾಕಿ ವಿಮಾನವನ್ನು ಒಪ್ಪಿಕೊಳ್ಳಬೇಕು. ಸಹಿ ಹಾಕುವಾಗ ಕೆಲವರು ಫಿಟ್ಟರಿನ ಮುಖ ನೋಡ್ತಿದ್ದರಂತೆ, ಪುಸ್ತಕ ಅಲ್ಲ. “ಮಾರಿ ನೋಡಿದ್ರ ಗೊತ್ತಾಕ್ಕಿತ್ತು ಅವ್ರಿಗೆ,” ಅಂದ ಕಾಕಾ.

“ಕಾಕಾ, ಇದನ್ನೆಲ್ಲಾ ಬರದಿಡಬೇಕಿತ್ತು ನೀ,” ಅಂದೆ.

“ನಾ ಏನ್ ಪೈಲಟ್ಟೇನಪಾ, ಬರ್ಯಾಕ? ನಮ್ದೇನೈತಿ ಅದ್ರಾಗ? ನಟ್ಟು, ಬೋಲ್ಟು.”

ಐವತ್ತೈದು ವರ್ಷದ ಹಿಂದಿನ ನೆನಪು ಇಟ್ಟುಕೊಂಡು ಕೂತವನ ಬಾಯಿ ಕಟ್ಟಿಹಾಕಿದ್ದು ಯಾವ ಸೇನಾ ನಿಯಮವೂ ಅಲ್ಲ. ಇಂಥ ಸಿನಿಮಾ, ಇಂಥ ಮಳಿಗೆಯ ಕಟ್ಟು, ಇಂಥ ಫಾರ್ವರ್ಡುಗಳು. ಹೇಳುವಂಥದ್ದು ಅಂದ್ರೆ ಹೀಗಿರಬೇಕು ಅಂತ ಅವು ಮೊದಲೇ ತೀರ್ಮಾನ ಮಾಡಿಬಿಟ್ಟಿವೆ. ಅದೇ ತೀರ್ಮಾನ ಬಾಗಿಲ ಹತ್ತಿರ ಕೂತ ಹುಡುಗನ ಮೇಲೂ ಆಗಿತ್ತು: ಕಾಕ್‌ಪಿಟ್ಟಿನಲ್ಲಿ ಕೂರದಿದ್ದರೆ ನೀನು ಕಥೆಯಲ್ಲೇ ಇಲ್ಲ.

ನಾನು ಬ್ಯಾಗಿನಿಂದ ‘ಗೋಯಿಂಗ್ ಸೋಲೊ’ ತೆಗೆದು ಟೀಪಾಯಿ ಮೇಲೆ ಇಟ್ಟೆ, ಇಂಥವರಿಗೆ ಅಂತ ಹೇಳಲಿಲ್ಲ. ಹುಡುಗ ಅದರ ಕಡೆ ನೋಡಲೂ ಇಲ್ಲ.

ಕಾಕಾ ಮಾತ್ರ ಮಾತು ಮುಂದುವರಿಸಿದ್ದ. ಒಂದು ರಾತ್ರಿ ಡ್ಯೂಟಿ ಮುಗಿಸುವಾಗ ಉಪಕರಣಗಳ ಎಣಿಕೆ ಆಯ್ತಂತೆ. ಪ್ರತಿ ಸ್ಪ್ಯಾನರಿಗೂ ಬೋರ್ಡಿನ ಮೇಲೆ ಅದರದೇ ಆಕಾರದ ಜಾಗ. ಒಂದು ಜಾಗ ಖಾ‌ಲಿ. ಒಂದು ಸ್ಕ್ರೂಡ್ರೈವರ್ ಇಲ್ಲ. ತಗೊಂಡವನು ಕಾಕಾ, ಅವತ್ತು ಅವನು ಕೆಲಸ ಮಾಡಿದ್ದು ಮೂರು ವಿಮಾನದ ಮೇಲೆ. ಅದು ಒಳಗೆಲ್ಲೋ ಬಿದ್ದಿದ್ದರೆ ಹಾರುವಾಗ ಉರುಳಿ ಕಂಟ್ರೋಲಿನ ಸರಳಿಗೆ ಸಿಕ್ಕಿಕೊಂಡೀತು. ಪೈಲಟ್ ಸ್ಟಿಕ್ ಎಳೆದರೆ ಬರಲ್ಲ. ಬೆಳಿಗ್ಗೆ ಆರಕ್ಕೆ ಮೂರೂ ಹಾರಬೇಕು. ಮೂರನ್ನೂ ನಿಲ್ಲಿಸಿದರು. ಇಡೀ ರಾತ್ರಿ ಬ್ಯಾಟರಿ ಬೆಳಕಿನಲ್ಲಿ ಒಂದೊಂದೇ ಫಲಕ ಬಿಚ್ಚಿ ಹುಡುಕಿದರು, ಎಂಟು ಜನ. ಇಪ್ಪತ್ತರ ಹುಡುಗ ಕಾಕಾ, ಕೈ ನಡುಗ್ತಿತ್ತು, ಅಳು ಬರ್ತಿತ್ತು. ಸಾರ್ಜೆಂಟ್ ಒಂದು ಮಾತೂ ಬಯ್ಯಲಿಲ್ಲವಂತೆ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು.

ನಾನು ಸದ್ದಿಲ್ಲದೆ ಫೋನಿನ ರೆಕಾರ್ಡರ್ ಒತ್ತಿದೆ.

“ಸಿಕ್ತು?” ಬಾಗಿಲ ಕಡೆಯಿಂದ ದನಿ ಬಂತು. ಹುಡುಗ ಕತ್ತು ಎತ್ತಿದ್ದ.

“ಸಿಗದ ಎಲ್ಲಿ ಹೋಗ್ತೈತಿ?”

“ಎಲ್ಲಿತ್ತಜ್ಜಾ?”

“ಹೇಳ್ತೇನಿ ಬಾ ಇಲ್ಲೆ. ಮೊದ್ಲ ನಿಮ್ಮವ್ವಗ ಚಾ ಇಡಾಕ ಹೇಳು.”